ಮಳೆಗಾಲದಲ್ಲಿ ಮಾಡೆಲ್ ಕಾರಿನ ಬಣ್ಣ ಬೆಳ್ಳಗಾಗುವುದೇಕೆ? ಕಾರವಾರದಲ್ಲಿದ್ದು ಇದನ್ನು ಸರಿಪಡಿಸುವುದು ಹೇಗೆ?

ಜುಲೈ ತಿಂಗಳಲ್ಲಿ ಕಾರವಾರದ ಮನೆಯ ಜಗುಲಿಯಲ್ಲಿ ನಿಂತು ಜಪಾನಿನ ಮಾಡೆಲ್ ಕಂಪನಿ ಟಮಿಯಾದ 1/24 ಅಳತೆಯ (ನಿಜವಾದ ಕಾರಿನ 24ರಲ್ಲಿ ಒಂದು ಪಾಲು) ಪ್ಲಾಸ್ಟಿಕ್ ಕಿಟ್, 1966ರ ಫೋಕ್ಸ್‌ವ್ಯಾಗನ್ ಬೀಟಲ್; ಅದರ ಬಾಡಿಗೆ ಅದೇ ಕಂಪನಿಯ ಟಿಎಸ್ ಸ್ಪ್ರೇ ಕ್ಯಾನಿನ ಕೆಂಪು ಹೊಡೆದಿದ್ದೀರಿ. ಹತ್ತೇ ನಿಮಿಷದಲ್ಲಿ ಛಾವಣಿಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಪೊರೆ ಬಂದಿದೆ. ಕ್ಯಾನು ಹಳೆಯದೋ, ಪ್ರೈಮರ್ (ಅಡಿಬಣ್ಣ) ತಪ್ಪೋ ಎಂದು ಕೇಳಿದ್ದೀರಿ. ಇದಾದ ಮೇಲೆ ಇದೇ ಅಳತೆಯಲ್ಲಿ ಒಂದು ಪ್ರೀಮಿಯರ್ ಪದ್ಮಿನಿ ಕಾರನ್ನು ಕೈಯಾರೆ ಮಾಡುವ ಆಸೆಯೂ ಇದೆ ಅಂದಿದ್ದೀರಿ.

ಕ್ಯಾನೂ ಸರಿಯಿದೆ, ಪ್ರೈಮರೂ ಸರಿಯಿದೆ. ಆ ಬಿಳಿ ಪೊರೆ ಗಾಳಿಯಲ್ಲಿದ್ದ ನೀರು. ಟಿಎಸ್ ಕ್ಯಾನಿನಲ್ಲಿರುವುದು ಲ್ಯಾಕರ್. ಅದರ ಥಿನ್ನರ್ ಬೇಗ ಆರುತ್ತದೆ, ಆರುವಾಗ ಬಾಡಿಯ ಬಿಸಿಯನ್ನು ಹೀರಿಕೊಂಡು ಮೇಲ್ಮೈಯನ್ನು ಕೆಲವು ಡಿಗ್ರಿ ತಂಪು ಮಾಡುತ್ತದೆ. ಗಾಳಿ 30 ಡಿಗ್ರಿ, ತೇವಾಂಶ ಶೇ. 85 ಇದ್ದರೆ ಇಬ್ಬನಿ ಕಟ್ಟುವುದು ಸುಮಾರು 27 ಡಿಗ್ರಿಯಲ್ಲಿ. ಅಂದರೆ ಬಾಡಿ ಬರೀ ಮೂರು ಡಿಗ್ರಿ ತಣ್ಣಗಾದರೂ ಹಸಿ ಬಣ್ಣದ ಮೇಲೆ ನೀರು ಕೂರುತ್ತದೆ, ಬಣ್ಣದೊಳಗೆ ಸಿಕ್ಕಿಬಿದ್ದು ಬೆಳ್ಳಗೆ ಕಾಣುತ್ತದೆ. ಅದೇ 30 ಡಿಗ್ರಿಯಲ್ಲಿ ತೇವಾಂಶ ಶೇ. 55ಕ್ಕೆ ಇಳಿದರೆ ಇಬ್ಬನಿ ಕಟ್ಟುವುದು 20 ಡಿಗ್ರಿಯ ಹತ್ತಿರ. ಆಗ ಬಾಡಿ ಅಷ್ಟು ತಣ್ಣಗಾಗುವ ಮೊದಲೇ ಬಣ್ಣ ಆರಿರುತ್ತದೆ. ಮರದ ಪೀಠೋಪಕರಣಕ್ಕೆ ಲ್ಯಾಕರ್ ಪಾಲಿಶ್ ಹೊಡೆಯುವವರನ್ನು ಕೇಳಿ ನೋಡಿ, ಮಳೆ ಹೊತ್ತಿನಲ್ಲಿ ಪಾಲಿಶ್ ಬೆಳ್ಳಗಾಗುವುದು ಅವರಿಗೆ ಹೊಸದಲ್ಲ. ಅವರು ಇದನ್ನು ಬ್ಲಶಿಂಗ್ ಅನ್ನುತ್ತಾರೆ.

ಕ್ಯಾನೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ಒತ್ತುತ್ತಾ ಹೋದಂತೆ ಒಳಗೆ ದ್ರವವಾಗಿದ್ದ ಗ್ಯಾಸ್ ಆವಿಯಾಗಿ ಡಬ್ಬಿ ಕೈಗೆ ತಣ್ಣಗೆ ತಾಗುತ್ತದಲ್ಲ, ಒಳಗಿನ ಬಣ್ಣವೂ ಅಷ್ಟೇ ತಣ್ಣಗಾಗಿರುತ್ತದೆ. ಇನ್ನೊಂದು ತಪ್ಪನ್ನು ಬಹಳ ಜನ ಮಾಡುತ್ತಾರೆ. ಬಾಡಿಯನ್ನು ಎಸಿ ಕೋಣೆಯಲ್ಲಿಟ್ಟು, ಬಣ್ಣ ಹೊಡೆಯಲು ಹೊರಗೆ ತರುತ್ತಾರೆ. 24 ಡಿಗ್ರಿಯ ಬಾಡಿ ಜಗುಲಿಗೆ ಬಂದ ಕ್ಷಣದಲ್ಲೇ ಕನ್ನಡಕದ ಹಾಗೆ ಮಸುಕಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ನೀರು ಅಲ್ಲಿ ಕೂತಾಗಿದೆ.

ಈಗ ಕೈಯಲ್ಲಿರುವ ಬಾಡಿಯ ವಿಚಾರ. ಮೊದಲು ಏನೂ ಮಾಡಬೇಡಿ, ಒಂದು ವಾರ ಬಿಡಿ. ಆಮೇಲೆ ಬಾನೆಟ್ಟಿನ ಮೂಲೆಯಲ್ಲಿ 2000 ನಂಬರಿನ ವಾಟರ್ ಪೇಪರ್ ನೆನೆಸಿ, ಹಗುರವಾಗಿ ಐದಾರು ಸಲ ಎಳೆದು ನೋಡಿ. ಅಡಿಯಿಂದ ಶುದ್ಧ ಕೆಂಪು ಬಂದರೆ ಪೊರೆ ಮೇಲಷ್ಟೇ ಇದೆ. ಇಡೀ ಬಾಡಿಯನ್ನು ಹಾಗೆಯೇ ಸವರಿ, ಒಣ ದಿನ ನೋಡಿಕೊಂಡು ಅದೇ ಕ್ಯಾನಿನ ಒಂದು ತೆಳು ಕೋಟು ಕೊಟ್ಟರೆ ಸಾಕು. ಹೊಸ ಕೋಟಿನ ಥಿನ್ನರ್ ಹಳೆಯದನ್ನು ಸ್ವಲ್ಪ ಕರಗಿಸುವುದರಿಂದ ಸಿಕ್ಕಿಬಿದ್ದ ತೇವವೂ ಹೊರಗೆ ಹೋಗುತ್ತದೆ. ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಪೆನ್ನು) ಇದ್ದರೆ ಮಿಸ್ಟರ್ ಕಲರ್ ಎಂಬ ಬ್ರಾಂಡಿನ ಲೆವೆಲಿಂಗ್ ಥಿನ್ನರನ್ನೇ ಮಂಜಿನಂತೆ ಒಮ್ಮೆ ಹಾಯಿಸಬಹುದು. ಅದರಲ್ಲಿ ಆರುವಿಕೆಯನ್ನು ನಿಧಾನ ಮಾಡುವ ರಿಟಾರ್ಡರ್ ಇದೆ. ಪೊರೆ ಆಳಕ್ಕೆ ಇಳಿದಿದ್ದರೆ, ಜೊತೆಗೆ ಮೇಲ್ಮೈ ಕಿತ್ತಳೆ ಸಿಪ್ಪೆಯಂತೆ ಒರಟಾಗಿದ್ದರೆ, ತಿದ್ದಲು ಹೋಗಬೇಡಿ, ತೆಗೆದುಬಿಡಿ. ಶೇ. 99ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದು ರಾತ್ರಿ ಮುಳುಗಿಸಿ, ಹಳೆಯ ಟೂತ್ ಬ್ರಷ್‌ನಿಂದ ಉಜ್ಜಿ. ಮೂಲೆಗಳಲ್ಲಿ ಉಳಿದರೆ ಇನ್ನೊಂದು ರಾತ್ರಿ. ಮೊದಲು ಕಿಟ್‌ನಲ್ಲಿ ಉಳಿದ ರನ್ನರ್ (ಬಿಡಿಭಾಗಗಳನ್ನು ಹಿಡಿದಿಟ್ಟಿದ್ದ ಪ್ಲಾಸ್ಟಿಕ್ ಚೌಕಟ್ಟು) ತುಂಡೊಂದನ್ನು ಅದರಲ್ಲಿ ಹಾಕಿ ಪರೀಕ್ಷಿಸಿ. ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ಮಾತ್ರ ಬೇಡವೇ ಬೇಡ. ಕಿಟ್‌ನ ಪ್ಲಾಸ್ಟಿಕ್ ಆದ ಪಾಲಿಸ್ಟೈರೀನ್ ಅದರಲ್ಲಿ ಕರಗಿ ಗೋಂದಾಗುತ್ತದೆ.

ನಮ್ಮ ಕರಾವಳಿಯಲ್ಲಿ ಈ ಹವ್ಯಾಸ ನಡೆಯಬೇಕಾದರೆ ಕೆಲಸವನ್ನು ಋತುವಿಗೆ ಹಂಚಿಕೊಳ್ಳಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸಿ, ಅಂಟಿಸಿ, ಪುಟ್ಟಿ ಹಾಕಿ, ಉಜ್ಜಿ, ಗೆರೆ ಕೆತ್ತಿ. ಎಂಜಿನ್, ಸೀಟು, ಚಾಸಿಗಳನ್ನು ಕುಂಚದಿಂದ ಬಣ್ಣ ಮಾಡಿ. ಬಾಡಿಯ ಹೊಳಪು ಬಣ್ಣವನ್ನು ನವೆಂಬರ್ ಕೊನೆಯಿಂದ ಫೆಬ್ರವರಿಯವರೆಗಿನ ದಿನಗಳಿಗೆ ಇಟ್ಟುಕೊಳ್ಳಿ. ಆಗಲೂ ಹೊತ್ತು ನೋಡಬೇಕು. ಕಾರವಾರ, ಅಂಕೋಲಾ, ಕುಮಟಾದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯದು. ಇಬ್ಬನಿ ಆರಿರುತ್ತದೆ, ಕಡಲ ಗಾಳಿ ಇನ್ನೂ ಎದ್ದಿರುವುದಿಲ್ಲ. ಶಿರಸಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಬೆಳಗಿನ ಮಂಜು ನಿಧಾನಕ್ಕೆ ಕರಗುತ್ತದೆ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಾಳಿ ಚೆನ್ನಾಗಿ ಒಣಗಿರುತ್ತದೆ. ಘಟ್ಟದ ಮೇಲೆ ನೆಂಟರಿದ್ದರೆ ಜನವರಿಯಲ್ಲಿ ಬಾಡಿಯನ್ನು ಡಬ್ಬಿಯಲ್ಲಿಟ್ಟು ದೇವಿಮನೆ ಘಟ್ಟ ಹತ್ತಿಸಿ. ಅಲ್ಲಿ ಎರಡು ಮಧ್ಯಾಹ್ನಗಳಲ್ಲಿ ಕೆಲಸ ಮುಗಿಯುತ್ತದೆ. ತೇವಾಂಶ ತೋರಿಸುವ ಸಣ್ಣ ಡಿಜಿಟಲ್ ಮೀಟರು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ನೋಡದೆ ಕ್ಯಾನು ಅಲ್ಲಾಡಿಸಬೇಡಿ. ಶೇ. 60ರ ಕೆಳಗಿದ್ದರೆ ಧೈರ್ಯವಾಗಿ ಹೊಡೆಯಿರಿ. 60ರಿಂದ 70ರವರೆಗೆ ಏರ್‌ಬ್ರಷ್ ಮತ್ತು ರಿಟಾರ್ಡರ್ ಇದ್ದರೆ ಮಾತ್ರ. ಅದರ ಮೇಲಿದ್ದರೆ ಕಿಟ್ ಮುಚ್ಚಿಡಿ.

ಅಷ್ಟು ದಿನ ಕಾಯಲು ಆಗುವುದೇ ಇಲ್ಲ ಅನ್ನುವುದಾದರೆ ಬಿಸಿ ಪೆಟ್ಟಿಗೆ ಮಾಡಿಕೊಳ್ಳಿ. ಹಳೆಯ ತಗಡಿನ ಟ್ರಂಕು ಸಾಕು. ರಟ್ಟಿನ ಪೆಟ್ಟಿಗೆ ಬೇಡ, ಬಲ್ಬಿನ ಬಿಸಿಗೆ ಹೊತ್ತಿಕೊಳ್ಳಬಹುದು. ಒಂದು ಬದಿಯಲ್ಲಿ 40 ವ್ಯಾಟಿನ ತಂತಿ ಬಲ್ಬು, ಬಾಡಿ ಅದರಿಂದ ಕನಿಷ್ಠ 20 ಸೆಂ.ಮೀ. ದೂರ, ಕೆಳಗೂ ಮೇಲೂ ಎರಡೆರಡು ತೂತು. 30 ಡಿಗ್ರಿ, ಶೇ. 85ರ ಗಾಳಿಯನ್ನು 38 ಡಿಗ್ರಿಗೆ ಬಿಸಿ ಮಾಡಿದರೆ ಅದರ ತೇವಾಂಶ ಶೇ. 54ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಅಷ್ಟೇ ಇರುತ್ತದೆ, ಆದರೆ ಬಿಸಿ ಗಾಳಿ ಅದನ್ನು ಹಿಡಿದುಕೊಂಡಿರುತ್ತದೆ. ಬಾಡಿಯನ್ನು ಅರ್ಧ ಗಂಟೆ ಒಳಗಿಟ್ಟು, ಬೆಚ್ಚಗಿರುವಾಗಲೇ ಹೊರತೆಗೆದು, ತಕ್ಷಣ ಒಂದು ತೆಳು ಕೋಟು ಹೊಡೆಯಿರಿ. ಕ್ಯಾನನ್ನೂ ಸ್ನಾನದ ನೀರಿನಷ್ಟು ಬೆಚ್ಚನೆಯ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿಟ್ಟಿರಬೇಕು. 40 ಡಿಗ್ರಿ ದಾಟಬಾರದು, ಒಲೆಯ ಹತ್ತಿರವಂತೂ ಒಯ್ಯಲೇಬಾರದು. ಹೊಡೆದ ಬಾಡಿಯನ್ನು ಕೂಡಲೇ ಬಲ್ಬಿನ ಪೆಟ್ಟಿಗೆಗೆ ಹಾಕಬೇಡಿ. ಥಿನ್ನರಿನ ಆವಿಗೆ ಬೆಂಕಿ ಹತ್ತುತ್ತದೆ. ಹೊರಗೆ ಮುಚ್ಚಿದ ಡಬ್ಬದಡಿ ಅರ್ಧ ಗಂಟೆ ಬಿಟ್ಟು ಆಮೇಲೆ ಒಳಗಿಡಿ. ಪೆಟ್ಟಿಗೆಯ ಬಿಸಿ 45 ಡಿಗ್ರಿ ಮೀರದಿರಲಿ. ಅಡಿಕೆ ಡ್ರೈಯರ್ ಇದೆಯಲ್ಲ ಎಂದು ಅದರಲ್ಲಿ ಇಡುವವರಿದ್ದಾರೆ. ಅಡಿಕೆಗೆ ಬೇಕಾದ ಬಿಸಿಯಲ್ಲಿ ಬಾಡಿಯ ತೆಳುವಾದ ಕಿಟಕಿ ಕಂಬಗಳು ಸೊಟ್ಟಗಾಗಬಹುದು.

ಬಣ್ಣದ ಕ್ರಮ ಹೇಳುತ್ತೇನೆ. ಬಾಡಿಯನ್ನು ಪಾತ್ರೆ ತೊಳೆಯುವ ಲಿಕ್ವಿಡ್‌ನಿಂದ ತೊಳೆಯಿರಿ. ಕಡಲ ಪಕ್ಕದ ಮನೆಯಲ್ಲಿ ತಿಂಗಳುಗಟ್ಟಲೆ ತೆರೆದಿಟ್ಟ ಪ್ಲಾಸ್ಟಿಕ್ ಮೇಲೆ ಉಪ್ಪಿನಂಶ ಕೂರುತ್ತದೆ, ಉಪ್ಪು ತೇವವನ್ನು ಎಳೆಯುತ್ತದೆ. ಬಾವಿ ನೀರೂ ಉಪ್ಪಾಗಿದ್ದರೆ ಕೊನೆಯ ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬಳಸಿ. ಡೆಕಾಲ್ (ನೀರಿನಲ್ಲಿ ನೆನೆಸಿ ಬಾಡಿಗೆ ಅಂಟಿಸುವ ಚಿತ್ರ) ನೆನೆಸಲೂ ಅದೇ ನೀರು, ಇಲ್ಲವಾದರೆ ಆರಿದ ಮೇಲೆ ಅಂಚಿನಲ್ಲಿ ಬಿಳಿ ಕಲೆ ಉಳಿಯುತ್ತದೆ. ಅಚ್ಚಿನ ಗೆರೆಗಳನ್ನು 600, ಆಮೇಲೆ 1000 ನಂಬರಿನ ಪೇಪರಿನಲ್ಲಿ ತೆಗೆಯಿರಿ. ಕೆಂಪಿನ ಅಡಿಗೆ ಬೂದು ಪ್ರೈಮರ್ ಹಾಕಿದರೆ ಬಣ್ಣ ಮಂಕಾಗುತ್ತದೆ, ಬಿಳಿ ಅಥವಾ ಗುಲಾಬಿ ಪ್ರೈಮರ್ ಹಾಕಿ. 15ರಿಂದ 20 ಸೆಂ.ಮೀ. ದೂರದಿಂದ ಮೊದಲು ಮಂಜಿನಂತೆ ತೆಳುವಾದ ಎರಡು ಕೋಟು, ನಡುವೆ 15 ನಿಮಿಷ. ಆಮೇಲೆ ಒಂದೇ ಒಂದು ಹಸಿ ಕೋಟು. ಕೈ ಬಾಡಿಯ ಆಚೆ ಶುರುವಾಗಿ ಆಚೆಯೇ ನಿಲ್ಲಬೇಕು, ಬಾಡಿಯ ಮೇಲೆ ನಿಂತರೆ ಅಲ್ಲಿ ಬಣ್ಣ ಇಳಿಯುತ್ತದೆ. ಆರ್ಗಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿಕೊಳ್ಳಿ, ಬಟ್ಟೆಯ ಮಾಸ್ಕು ಥಿನ್ನರಿನ ಆವಿಯನ್ನು ತಡೆಯುವುದಿಲ್ಲ.

ಎಷ್ಟು ಕೋಟು ಎನ್ನುವುದನ್ನು ಜನ ಹೊಳಪಿನ ಲೆಕ್ಕದಲ್ಲಿ ನೋಡುತ್ತಾರೆ. ಅಳತೆಯ ಲೆಕ್ಕದಲ್ಲಿ ನೋಡಬೇಕು. ನಿಜವಾದ ಕಾರಿನ ಬಾಗಿಲಿನ ಸಂದು 5 ಮಿ.ಮೀ. ಎಂದಿಟ್ಟುಕೊಳ್ಳಿ, 1/24ರಲ್ಲಿ ಅದು 0.2 ಮಿ.ಮೀ. ಪ್ರೈಮರ್, ಬಣ್ಣ, ಮೇಲಿನ ಪಾರದರ್ಶಕ ಕೋಟಾದ ಕ್ಲಿಯರ್ ಎಲ್ಲ ಸೇರಿ 0.1 ಮಿ.ಮೀ. ದಪ್ಪವಾದರೆ ಅದು ನಿಜವಾದ ಕಾರಿಗೆ 2.4 ಮಿ.ಮೀ. ಬಣ್ಣ ಬಳಿದಂತೆ. ಸಂದಿನ ಎರಡೂ ಗೋಡೆಗೆ ಅಷ್ಟು ಕೂತರೆ ಬಾಗಿಲಿನ ಸಂದೇ ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರೈಮರಿಗೆ ಮೊದಲೇ ಬಾಗಿಲು, ಬಾನೆಟ್, ಡಿಕ್ಕಿಯ ಗೆರೆಗಳನ್ನು ಸ್ಕ್ರೈಬರಿನಿಂದ (ಗೆರೆ ಕೆತ್ತುವ ಮೊನೆಯ ಉಪಕರಣ), ಅದಿಲ್ಲದಿದ್ದರೆ ಹಳೆಯ ಬ್ಲೇಡಿನ ಹಿಂಬದಿಯಿಂದ, ನಾಲ್ಕೈದು ಸಲ ಹಗುರವಾಗಿ ಎಳೆದು ಆಳ ಮಾಡಿಕೊಳ್ಳಿ. ಬಲ ಹಾಕಿದರೆ ಮೊನೆ ಗೆರೆ ಬಿಟ್ಟು ಓಡುತ್ತದೆ. ಮಳೆಗಾಲಕ್ಕೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಬೀಟಲ್‌ನಲ್ಲಿ ಒಂದು ಸೂಕ್ಷ್ಮವಿದೆ. ಮಡ್ಗಾರ್ಡು ಬಾಡಿಗೆ ಸೇರುವ ಕಡೆ ನಿಜವಾದ ಕಾರಿನಲ್ಲಿ ಖಾಲಿ ಸಂದು ಇರುವುದಿಲ್ಲ, ನಡುವೆ ಬೀಡಿಂಗ್ ಇರುತ್ತದೆ. ಬಾಗಿಲಿನ ಗೆರೆಗೆ ತುಂಬುವ ಕಪ್ಪನ್ನು ಅಲ್ಲಿಯೂ ತುಂಬಿದರೆ ಕಾರು ಬಿಡಿ ಬಿಡಿಯಾಗಿ ಕಾಣುತ್ತದೆ. ಅಲ್ಲಿಗೆ ಕಡು ಕೆಂಪು ಸಾಕು.

ಕ್ಲಿಯರ್ ಹೊಡೆಯುವುದಾದರೆ ಟಮಿಯಾದ ಟಿಎಸ್-13 ಕ್ಯಾನು. ಡೆಕಾಲ್ ಮೇಲೆ ಮೊದಲ ಎರಡು ಕೋಟು ಒಣ ಮಂಜಿನಂತಿರಲಿ, ಒಮ್ಮೆಲೇ ಹಸಿಯಾಗಿ ಹೊಡೆದರೆ ಡೆಕಾಲ್ ಸುಕ್ಕುಗಟ್ಟುತ್ತದೆ. ಆದರೆ 1966ರ ಬೀಟಲ್‌ಗೆ ಕ್ಲಿಯರ್ ಬೇಕೇ ಎಂದು ಯೋಚಿಸಿ. ಆ ಕಾಲದ ಕಾರುಗಳಿಗೆ ಇವತ್ತಿನ ಹಾಗೆ ಮೇಲೊಂದು ಪಾರದರ್ಶಕ ಕೋಟು ಇರಲಿಲ್ಲ, ಒಂದೇ ಬಣ್ಣದ ಎನಾಮಲ್. ಅದರ ಹೊಳಪು ಮೃದು. ಕನ್ನಡಿಯಂತೆ ಮಿಂಚುವ ಬೀಟಲ್ ನನಗೆ ಆಟಿಕೆಯಂತೆ ಕಾಣುತ್ತದೆ. ಬಣ್ಣವನ್ನೇ ಒಂದು ವಾರ ಒಣಗಿಸಿ, ಮೂಗಿಗೆ ಹಿಡಿದಾಗ ಥಿನ್ನರಿನ ವಾಸನೆ ಪೂರ್ತಿ ಹೋದ ಮೇಲೆ 3000 ನಂಬರಿನ ಪೇಪರು, ಆಮೇಲೆ ನಯವಾದ ಕಾಂಪೌಂಡು ಹಾಕಿ ತಿಕ್ಕಿದರೆ ಆ ಕಾಲದ ಹೊಳಪು ಬರುತ್ತದೆ. ಅಂಚುಗಳ ಮೇಲೆ ಕೈ ಇಡಬೇಡಿ, ಪ್ರೈಮರ್ ಕಾಣಿಸಿಕೊಳ್ಳುವುದು ಅಲ್ಲೇ.

ಡೆಕಾಲ್ ಹಾಳೆಯನ್ನು ಕಿಟ್‌ನ ರಟ್ಟಿನ ಡಬ್ಬಿಯಲ್ಲೇ ಬಿಟ್ಟಿದ್ದರೆ ಇವತ್ತೇ ತೆಗೆಯಿರಿ, ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಮೊದಲು ಅದಕ್ಕೆ. ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ನೀಲಿ ಹರಳು ಗುಲಾಬಿಯಾದರೆ ಓವನ್‌ನಲ್ಲಿ 110 ಡಿಗ್ರಿಗೆ ಎರಡು ಗಂಟೆ ಕಾಯಿಸಿ ಮತ್ತೆ ಬಳಸಬಹುದು. ಆ ಓವನ್ ಅಡುಗೆಯದಾಗಿರದಿದ್ದರೆ ಒಳ್ಳೆಯದು.

ಇನ್ನು ಪದ್ಮಿನಿ. ಫಿಯಟ್ 1100ಡಿಯನ್ನು ಪ್ರೀಮಿಯರ್ ಕಂಪನಿ 1964ರಿಂದ ಬೊಂಬಾಯಿಯಲ್ಲಿ ಕಟ್ಟಿತು, ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. ಎಂಜಿನ್ 1089 ಸಿಸಿ, ಗೇರು ಸ್ಟಿಯರಿಂಗ್ ಕಂಬದ ಮೇಲೆ. ಕಾರಿನ ಉದ್ದ 3930 ಮಿ.ಮೀ., ವೀಲ್‌ಬೇಸ್ 2340, ಅಗಲ 1460. 24ರಿಂದ ಭಾಗಿಸಿದರೆ ನಿಮ್ಮ ಮಾಡೆಲ್ 163.8 ಮಿ.ಮೀ. ಉದ್ದ, 97.5 ಮಿ.ಮೀ. ವೀಲ್‌ಬೇಸ್, 60.8 ಮಿ.ಮೀ. ಅಗಲ. ಊರಿನ ಗ್ಯಾರೇಜುಗಳಲ್ಲಿ ವಿಚಾರಿಸಿದರೆ ಅಳೆಯಲು ಬಿಡುವ ಮಾಲೀಕರು ಸಿಗುತ್ತಾರೆ, ಹಳೆ ಕಾರು ಇಟ್ಟುಕೊಂಡವರಿಗೆ ಅದರ ಬಗ್ಗೆ ಮಾತಾಡುವುದೇ ಖುಷಿ. ಫೋಟೊವನ್ನು ಹತ್ತಿರದಿಂದ ತೆಗೆಯಬೇಡಿ. ಹತ್ತಿರದಿಂದ ತೆಗೆದರೆ ಮಧ್ಯದ ಬಾಗಿಲು ಉಬ್ಬಿ, ಎರಡೂ ತುದಿ ಕುಗ್ಗಿ ಕಾಣುತ್ತದೆ, ಆ ಚಿತ್ರದಿಂದ ಮಾಡಿದ ನಕ್ಷೆ ಇಡೀ ಕಾರನ್ನೇ ತಪ್ಪಿಸುತ್ತದೆ. 12ರಿಂದ 15 ಮೀಟರ್ ದೂರ ಹೋಗಿ, ಚಕ್ರದ ನಡುವಿನ ಎತ್ತರಕ್ಕೆ ಕೂತು, ಜೂಮ್ ಮಾಡಿ ತೆಗೆಯಿರಿ. ಬಾಗಿಲಿಗೆ ಒಂದು ಮೀಟರ್ ಟೇಪು ಅಂಟಿಸಿರಿ. ಆ ಚಿತ್ರವನ್ನು ವೀಲ್‌ಬೇಸ್ 97.5 ಮಿ.ಮೀ. ಬರುವ ಹಾಗೆ ಪ್ರಿಂಟ್ ಹಾಕಿಸಿದರೆ ನಕ್ಷೆ ತಯಾರು. ಪ್ರಿಂಟಿನ ಮೇಲೆ ಸ್ಕೇಲಿಟ್ಟು ಒಮ್ಮೆ ಅಳೆದು ನೋಡಿ, ಅಂಗಡಿಯ ಪ್ರಿಂಟರು ಹಾಳೆಗೆ ಹೊಂದಿಸಲೆಂದು ತಾನಾಗಿ ಚಿತ್ರವನ್ನು ಕುಗ್ಗಿಸಿರುತ್ತದೆ.

ಬಾಡಿಗೆ 1 ಮಿ.ಮೀ. ದಪ್ಪದ ಸ್ಟೈರೀನ್ ಪ್ಲಾಸ್ಟಿಕ್ ಹಾಳೆ ಸಾಕು. ಛಾವಣಿಯನ್ನು 0.5ರ ಎರಡು ಪದರದಲ್ಲಿ ಬಾಗಿಸಿ ಅಂಟಿಸಿದರೆ ಆಕಾರ ನಿಲ್ಲುತ್ತದೆ. ಚಕ್ರವನ್ನು ಮಾತ್ರ ಬೀಟಲ್ ಕಿಟ್‌ನಿಂದ ತೆಗೆದುಕೊಳ್ಳಬೇಡಿ. ಬೀಟಲ್‌ನದು 15 ಇಂಚಿನ ರಿಮ್, ಮಾಡೆಲ್‌ನಲ್ಲಿ 15.9 ಮಿ.ಮೀ. ಪದ್ಮಿನಿಯದು 14 ಇಂಚು, ಅಂದರೆ 14.8. ಒಂದು ಮಿಲಿಮೀಟರ್ ತಾನೇ ಅನ್ನಿಸಬಹುದು, ಆದರೆ ಅಷ್ಟು ದೊಡ್ಡ ಚಕ್ರ ಕೂತರೆ ಹಿಂದಿನ ಮಡ್ಗಾರ್ಡಿನ ಕಮಾನು ತುಂಬಿಹೋಗುತ್ತದೆ, ಪದ್ಮಿನಿ ಮುಖ ಕಳೆದುಕೊಳ್ಳುತ್ತದೆ.