ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಇರಲಿ, ಮೊದಲು ಕೊಳಚೆ ನೀರು ನೋಡೋಣ

ಬಿಎಸ್‌ಸಿ ಮುಗಿಸುತ್ತಿದ್ದೀರಿ, ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾದ ಸುದ್ದಿ ಓದಿ ಪರಿಸರ ಸೂಕ್ಷ್ಮಜೀವಿವಿಜ್ಞಾನದಲ್ಲಿ ಎಂಎಸ್‌ಸಿ ಮಾಡುವ ಆಸೆ ಹುಟ್ಟಿದೆ. ಇದರಿಂದ ಜಗತ್ತಿನ ಸಮಸ್ಯೆಗಳಿಗೆ ನಿಜವಾಗಿಯೂ ಏನಾದರೂ ಉಪಯೋಗ ಆಗುತ್ತದೆಯೇ ಎಂದು ಕೇಳಿದ್ದೀರಿ.

ಆಗುತ್ತದೆ. ನೂರು ವರ್ಷಗಳಿಂದ ಆಗುತ್ತಲೇ ಇದೆ, ಆದರೆ ಸುದ್ದಿಯಾಗುವ ಜಾಗದಲ್ಲಲ್ಲ. ನಾನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಣ ಘಟಕಗಳನ್ನು ನೋಡಿಕೊಳ್ಳುವವನು. ಹಾಗಾಗಿ ನನ್ನ ಉತ್ತರಕ್ಕೂ ಸ್ವಲ್ಪ ಆ ವಾಸನೆ ಇರುತ್ತದೆ.

ನೀವು ಓದಿದ್ದು ಬಹುಶಃ ಜಪಾನಿನ ಸಕಾಯಿ ನಗರದಲ್ಲಿ ಸಿಕ್ಕಿ 2016ರಲ್ಲಿ ಪ್ರಕಟವಾದ ಇಡಿಯೊನೆಲ್ಲಾ ಸಕಾಯೆನ್ಸಿಸ್ ಎಂಬ ಬ್ಯಾಕ್ಟೀರಿಯಾದ ಬಗ್ಗೆ. ಅದು ಪೆಟ್ (PET) ಎಂಬ ಪ್ಲಾಸ್ಟಿಕ್ಕಿನ ತೆಳುವಾದ, ಮೆತ್ತನೆಯ ಹಾಳೆಯನ್ನು 30 ಡಿಗ್ರಿ ಉಷ್ಣಾಂಶದಲ್ಲಿ ಸುಮಾರು ಆರು ವಾರಗಳಲ್ಲಿ ಕರಗಿಸಿತು. ನೀರಿನ ಬಾಟಲಿಯ ಪೆಟ್ ಅದಕ್ಕಿಂತ ಗಟ್ಟಿ. ಮೋರಿಯಲ್ಲಿ ಸಿಕ್ಕಿಹಾಕಿಕೊಳ್ಳುವ ಕ್ಯಾರಿ ಬ್ಯಾಗ್ ಪೆಟ್ ಅಲ್ಲವೇ ಅಲ್ಲ, ಪಾಲಿಥೀನ್. 2020ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಪೆಟ್ ಒಡೆಯುವ ಬೇರೊಂದು ಕಿಣ್ವವನ್ನು (ಎನ್‌ಜೈಮ್) ತಿದ್ದಿ, 72 ಡಿಗ್ರಿಯಲ್ಲಿ ಹತ್ತು ಗಂಟೆಗಳಲ್ಲಿ ಶೇ 90ರಷ್ಟು ಪೆಟ್ ಒಡೆದು ತೋರಿಸಿದರು. ದೊಡ್ಡ ಸಾಧನೆಯೇ. ಆದರೆ ಪ್ಲಾಸ್ಟಿಕ್ಕನ್ನು ಮೊದಲು ಬೇರ್ಪಡಿಸಿ, ಪುಡಿ ಮಾಡಿ, ಬಿಸಿ ತೊಟ್ಟಿಗೆ ಹಾಕಬೇಕು. ಅದು ಕಾರ್ಖಾನೆಯ ಕೆಲಸ. ಕೆರೆಗೆ ಬ್ಯಾಕ್ಟೀರಿಯಾ ಸುರಿದು ಕೈತೊಳೆದುಕೊಳ್ಳುವ ದಾರಿಯಲ್ಲ.

ಎಣ್ಣೆಯ ಕಥೆಯೂ ಇದೇ. ಭಾರತ ಮೂಲದ ವಿಜ್ಞಾನಿ ಆನಂದ ಮೋಹನ ಚಕ್ರವರ್ತಿಯವರು ಕಚ್ಚಾ ತೈಲ ತಿನ್ನುವ ಬ್ಯಾಕ್ಟೀರಿಯಾ ರೂಪಿಸಿದರು. ಅದಕ್ಕೆ ಪೇಟೆಂಟ್ ಕೊಡಬಹುದೆಂದು 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗು ಅಲಾಸ್ಕದ ತೀರದಲ್ಲಿ ತೈಲ ಚೆಲ್ಲಿದಾಗ, ಸೂಕ್ಷ್ಮಜೀವಿಗಳನ್ನು ಬಳಸಿ ತೀರ ಸ್ವಚ್ಛಮಾಡಲು ಮುಖ್ಯವಾಗಿ ಸುರಿದದ್ದು ಸಾರಜನಕ, ರಂಜಕಗಳ ಗೊಬ್ಬರ. ಎಣ್ಣೆ ತಿನ್ನುವ ಜೀವಿಗಳು ಆ ಕಲ್ಲುಗಳ ಮೇಲೆ ಮೊದಲೇ ಇದ್ದವು. ಅವುಗಳಿಗೆ ಕೊರತೆಯಾಗಿದ್ದದ್ದು ಪೋಷಕಾಂಶ.

ನನ್ನ ಪ್ರಕಾರ ಈ ಶಾಸ್ತ್ರದ ತಿರುಳೇ ಇದು: ಹೊಸ ಜೀವಿ ತರುವುದಕ್ಕಿಂತ, ಇರುವ ಜೀವಿಗೆ ಏನು ಕಡಿಮೆಯಾಗಿದೆ ಎಂದು ಕಂಡುಹಿಡಿಯುವುದು.

ಕೊಳಚೆ ನೀರಿನಲ್ಲಿ ಅದು ದಿನನಿತ್ಯ ಕಾಣುತ್ತದೆ. ಮೂತ್ರದ ಸಾರಜನಕ ಅಮೋನಿಯಾ ಆಗುತ್ತದೆ. ಗಾಳಿ ಊದುವ ಏರೇಷನ್ ಟ್ಯಾಂಕಿನಲ್ಲಿ ನೈಟ್ರೊಸೊಮೊನಾಸ್, ನೈಟ್ರೊಸ್ಪೈರಾ ಮುಂತಾದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಅಮೋನಿಯಾದಲ್ಲಿರುವ ಒಂದು ಕಿಲೋ ಸಾರಜನಕಕ್ಕೆ ಸುಮಾರು 4.57 ಕಿಲೋ ಆಮ್ಲಜನಕ ಬೇಕು. ಅದನ್ನು ಬ್ಲೋವರ್ ಎಂಬ ಗಾಳಿಯಂತ್ರದಿಂದ ಊದಬೇಕು, ಕರೆಂಟು ಸುಡಬೇಕು. ಹಾಗಾಗಿ ಕರೆಂಟು ಬಿಲ್ ನೋಡಿಯೋ, ಸದ್ದು ಜಾಸ್ತಿ ಎಂಬ ದೂರಿನಿಂದಲೋ ಎಷ್ಟೋ ಕಡೆ ರಾತ್ರಿ ಬ್ಲೋವರ್ ಆಫ್ ಮಾಡುತ್ತಾರೆ. ಬೆಳಗ್ಗೆ ಗಬ್ಬು ನಾತ. ಆಗ ಅಸೋಸಿಯೇಷನ್‌ನವರು 'ಕಲ್ಚರ್' ಎಂಬ ಬ್ಯಾಕ್ಟೀರಿಯಾ ಪುಡಿಯ ಪ್ಯಾಕೆಟ್ ತರಿಸುತ್ತಾರೆ. ಉಸಿರುಗಟ್ಟಿದ ಟ್ಯಾಂಕಿಗೆ ಇನ್ನಷ್ಟು ಜೀವಿಗಳನ್ನು ಹಾಕಿದರೆ ಅವೂ ಉಸಿರುಗಟ್ಟುತ್ತವೆ, ಅಷ್ಟೇ. ಹೊಸ ಘಟಕಕ್ಕೆ ಸಗಣಿ ಕಲಸಿ ಹಾಕುವುದೂ ಉಂಟು. ನನ್ನನ್ನು ಕೇಳಿದರೆ, ಚೆನ್ನಾಗಿ ನಡೆಯುತ್ತಿರುವ ಪಕ್ಕದ ಎಸ್‌ಟಿಪಿಯಿಂದ ಬ್ಯಾಕ್ಟೀರಿಯಾ ತುಂಬಿದ ಒಂದು ಟ್ಯಾಂಕರ್ ಕೆಸರು ತಂದು ಹಾಕುವುದು ಎಷ್ಟೋ ಮೇಲು.

ನೈಟ್ರೇಟ್ ಆದರೆ ಮುಗಿಯಲಿಲ್ಲ. ಅದನ್ನು ಹಾಗೆಯೇ ಕೆರೆಗೆ ಬಿಟ್ಟರೆ ಪಾಚಿ ಮತ್ತು ಅಂತರಗಂಗೆಗೆ ಹಬ್ಬ. ಮತ್ತೊಂದು ಗುಂಪಿನ ಬ್ಯಾಕ್ಟೀರಿಯಾಗಳು, ಗಾಳಿ ಇಲ್ಲದ ಟ್ಯಾಂಕಿನಲ್ಲಿ, ಅದನ್ನು ಸಾರಜನಕ ಅನಿಲವಾಗಿಸಿ ವಾತಾವರಣಕ್ಕೆ ಬಿಡುತ್ತವೆ. ಈ ಹಂತಗಳ ಹದ ತಪ್ಪಿದರೆ ನೈಟ್ರಸ್ ಆಕ್ಸೈಡ್ ಹೊರಬರುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 273 ಪಟ್ಟು ಭೂಮಿಯನ್ನು ಬಿಸಿಮಾಡುತ್ತದೆ. ನೀರು ಶುದ್ಧ ಮಾಡಲು ಹೋಗಿ ಹವಾಮಾನ ಕೆಡಿಸುವುದೆಂದರೆ ಇದು.

ಇಲ್ಲಿ ನನಗೆ ಬಹಳ ಇಷ್ಟವಾದದ್ದು ಅನಾಮಾಕ್ಸ್ ಬ್ಯಾಕ್ಟೀರಿಯಾ. ಅಮೋನಿಯಾ ಮತ್ತು ನೈಟ್ರೈಟ್ (ಅಮೋನಿಯಾ ನೈಟ್ರೇಟ್ ಆಗುವ ದಾರಿಯ ನಡುವಿನ ರೂಪ) ಎರಡನ್ನೂ ಆಮ್ಲಜನಕವಿಲ್ಲದೆ ಸೇರಿಸಿ, ನೇರವಾಗಿ ಸಾರಜನಕ ಅನಿಲ ಮಾಡುತ್ತದೆ. ಇಂಥ ಜೀವಿ ಇರಲೇಬೇಕೆಂದು ಆಸ್ಟ್ರಿಯಾದ ಎಂಗೆಲ್ಬರ್ಟ್ ಬ್ರೋಡಾ 1977ರಲ್ಲೇ ಕಾಗದದ ಮೇಲೆ ಲೆಕ್ಕ ಹಾಕಿ ಹೇಳಿದ್ದರು. ತೊಂಬತ್ತರ ದಶಕದಲ್ಲಿ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಸಿಕ್ಕಿತು, ಅದೂ ತ್ಯಾಜ್ಯನೀರಿನ ಪ್ರಾಯೋಗಿಕ ಘಟಕದಲ್ಲಿ. 2002ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಪೂರ್ಣ ಪ್ರಮಾಣದ ಮೊದಲ ಘಟಕ ಶುರುವಾಯಿತು. ಒಂದು ಎರಡಾಗಲು ಹತ್ತಾರು ದಿನ ಬೇಕಾಗುವ ಈ ಸೋಮಾರಿ ಅಲ್ಲಿ ಪೂರ್ತಿ ನೆಲೆಯೂರಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಕಾದದ್ದಕ್ಕೆ ಪ್ರತಿಫಲವಾಗಿ ಗಾಳಿ ಊದುವ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಆದರೆ ಇದು ಸದ್ಯ ಚೆನ್ನಾಗಿ ಒಗ್ಗುವುದು ಬೆಚ್ಚಗಿನ, ಅಮೋನಿಯಾ ದಟ್ಟವಾಗಿರುವ ನೀರಿಗೆ. ನಮ್ಮ ಅಪಾರ್ಟ್‌ಮೆಂಟಿನ ಎಸ್‌ಟಿಪಿಗೆ ನಾಳೆಯೇ ಬರುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಇದು ಬರೀ ನಗರದವರ ತಲೆನೋವೂ ಅಲ್ಲ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳನ್ನು ತುಂಬಿಸುತ್ತಿದೆ. ಅಂತರ್ಜಲ ಏರಿತೆಂದು ಸಂತೋಷಪಡುವವರೂ, ಉಳಿದ ಕೊಳೆಯನ್ನೂ ತೆಗೆಯುವ ಮೂರನೇ ಹಂತದ ಶುದ್ಧೀಕರಣ ಎಲ್ಲಿ ಎಂದು ಕೇಳುವವರೂ ಇದ್ದಾರೆ. ಇಬ್ಬರ ಮಾತೂ ಕೊನೆಗೆ ಬಂದು ನಿಲ್ಲುವುದು ಬೆಂಗಳೂರಿನ ಟ್ಯಾಂಕುಗಳಲ್ಲಿ ಬ್ಯಾಕ್ಟೀರಿಯಾಗಳು ಎಷ್ಟು ಕೆಲಸ ಮಾಡಿದವು ಎಂಬಲ್ಲಿಗೆ. ಸೀಸ, ಕ್ರೋಮಿಯಂನಂಥ ಲೋಹಗಳ ವಿಚಾರ ಮಾತ್ರ ಬೇರೆ: ಅವುಗಳ ರೂಪ ಬದಲಿಸಬಲ್ಲ ಜೀವಿಗಳಿವೆ, ಇಲ್ಲವಾಗಿಸುವ ಜೀವಿ ಇಲ್ಲ. ಅವುಗಳನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು.

ಎಂಎಸ್‌ಸಿ ಮಾಡಿ. ಜೊತೆಗೆ ರಸಾಯನಶಾಸ್ತ್ರ ಬಿಡಬೇಡಿ; ಪಂಪು, ಬ್ಲೋವರ್‌ಗಳ ಲೆಕ್ಕವನ್ನೂ ಕಲಿಯಿರಿ. ಸೇರುವ ಮೊದಲು ಯಾವುದಾದರೂ ಎಸ್‌ಟಿಪಿಗೆ ಹೋಗಿ, ಏರೇಷನ್ ಟ್ಯಾಂಕಿನ ಒಂದು ಲೀಟರ್ ನೀರನ್ನು ಅಳತೆಯ ಜಾಡಿಯಲ್ಲಿ ಅರ್ಧ ಗಂಟೆ ಇಟ್ಟು ಕೆಸರು ಎಷ್ಟು ತಳಕ್ಕೆ ಕೂರುತ್ತದೆ ನೋಡಿ. ರಾತ್ರಿ ಬ್ಲೋವರ್ ಓಡುತ್ತದೆಯೇ ಎಂದು ಆಪರೇಟರ್‌ನನ್ನು ಒಬ್ಬನೇ ಇದ್ದಾಗ ಕೇಳಿ. ಅಸೋಸಿಯೇಷನ್‌ನವರ ಎದುರು ಅವನು ನಿಜ ಹೇಳಲಾರ.