ಚಿಪ್ಪು ಕೂಡಿದರೂ ಮಂಡಿ ಕುಸಿಯುತ್ತಿದ್ದರೆ

ಅಣ್ಣ, ಮಂಡಿ ಚಿಪ್ಪು ಮುರಿದು ಮೂರು ತಿಂಗಳಾಯ್ತು, ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ, ಆದರೂ ತೋಟಕ್ಕೆ ಇಳಿಯುವಾಗ ಕಾಲು ಕುಸಿಯುತ್ತದೆ ಅಂತ ಕೇಳಿದ್ದೀರಿ. ನನಗೂ ಚಿಪ್ಪು ಮುರಿದು ತಂತಿ ಹಾಕಿದ್ದರು, ಹಾಗಾಗಿ ಸ್ವಲ್ಪ ಉದ್ದವಾಗೇ ಬರೆಯುತ್ತೇನೆ.

ಮೂಳೆ ಕೂಡಿದ ಮೇಲೆ ಹೆಚ್ಚಾಗಿ ಕೈಕೊಡುವುದು ತೊಡೆ. ತೊಡೆಯ ಮುಂಭಾಗದ ಸ್ನಾಯು ಚಿಪ್ಪನ್ನು ಎಳೆದೇ ಕಾಲು ನೇರ ಮಾಡುವುದು. ಕಾಲು ಮಡಚದಂತೆ ಕಟ್ಟಿಟ್ಟರೆ ಕೆಲವೇ ವಾರಗಳಲ್ಲಿ ಅದು ಸೊರಗುತ್ತದೆ. ಟೇಪ್ ಹಿಡಿದು ಎರಡೂ ತೊಡೆ ಅಳೆದು ನೋಡಿ. ಮಂಡಿಯಲ್ಲಿ ಬಾವು ಉಳಿದಿದ್ದರೆ ಆ ಸ್ನಾಯು ಸರಿಯಾಗಿ ಬಿಗಿಯುವುದೂ ಇಲ್ಲ. ಇಳಿಜಾರಲ್ಲಿ ಮೈಭಾರ ತಡೆದು ಹಿಡಿಯಬೇಕಾದ್ದು ಇದೇ ಸ್ನಾಯು, ಅಲ್ವಾ?

ಸುಮ್ನೆ ನಡೆದರೆ ಸಾಲದು. ನಡೆಯುವಾಗ ಪೆಟ್ಟಾಗದ ಗಟ್ಟಿ ಕಾಲೇ ಕೆಲಸ ಕದಿಯುತ್ತದೆ. ಮಲಗಿ ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಗೆ ಒತ್ತಿ, ಐದು ಎಣಿಸಿ ಬಿಡಿ. ಆಮೇಲೆ ಕಾಲನ್ನು ನೇರವಾಗಿಟ್ಟು ಒಂದು ಗೇಣು ಎತ್ತಿ. ಎತ್ತುವಾಗ ಮಂಡಿ ಬಾಗಿದರೆ ಇಳಿಜಾರಿಗೆ ನೀವಿನ್ನೂ ತಯಾರಿಲ್ಲ ಅಂತಲೇ ಲೆಕ್ಕ. ಇದು ಸಲೀಸಾದ ಮೇಲೆ ಕುರ್ಚಿಯಿಂದ ಏಳುವುದು, ಗಿಡ್ಡ ಮೆಟ್ಟಿಲು ಹತ್ತಿ ಇಳಿಯುವುದು. ಎಷ್ಟು ಮಡಚಬಹುದು, ಎಷ್ಟು ಭಾರ ಹಾಕಬಹುದು ಅಂತ ನಿಮ್ಮ ಎಕ್ಸ್‌ರೇ ನೋಡಿದ ಡಾಕ್ಟರೇ ಹೇಳಬೇಕು. ಮಾಡಿದ ಮರುದಿನ ಬಾವು ಜಾಸ್ತಿಯಾದರೆ ಅರ್ಧಕ್ಕೆ ಇಳಿಸಿ. ಮುಂಚಿನ ಬಲ ಬರಲು ಆರು ತಿಂಗಳು, ವರ್ಷವೂ ಹಿಡಿಯಬಹುದು.

ಎಣ್ಣೆ ತಿಕ್ಕಿಸಿ ಅಂತ ಯಾರಾದರೂ ಹೇಳಬಹುದು. ಹಿತವಾಗಿರುತ್ತೆ, ಆದರೆ ಅದರಿಂದ ತೊಡೆಗೆ ಬಲ ಬರುವುದಿಲ್ಲ. ಯಾರಾದರೂ ಕಾಲನ್ನು ಜೋರಾಗಿ ಮಡಚಿಸಲು ಬಂದರೆ ಮಾತ್ರ ಖಂಡಿತ ಬೇಡ.

ತೋಟಕ್ಕೆ ಹೋಗುವಾಗ ಕೋಲು ಗಟ್ಟಿ ಕಾಲಿನ ಬದಿಯ ಕೈಯಲ್ಲಿರಲಿ. ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಪಾಚಿ ಹಿಡಿದ ಸಂಕ (ಕಾಲುಸೇತುವೆ) ಈ ಮಳೆಗಾಲಕ್ಕೆ ಬಿಟ್ಟುಬಿಡಿ. ಹಾಲು ಕರೆಯಲು ಸ್ಟೂಲ್, ಪಾಯಖಾನೆಗೆ ಕಮೋಡ್ ಕುರ್ಚಿ. ಕುಕ್ಕರಗಾಲಲ್ಲಿ ಕೂತರೆ ಚಿಪ್ಪಿನ ಮೇಲೆ ಒತ್ತಡ ವಿಪರೀತ.

ಇದ್ದಕ್ಕಿದ್ದಂತೆ ಕಾಲು ಎತ್ತಲಾಗದಿದ್ದರೆ, ಮಂಡಿ ಕೆಂಪಾಗಿ ಜ್ವರ ಬಂದರೆ, ಮೀನಖಂಡ ಊದಿ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಿಮಗೂ ತಂತಿ ಹಾಕಿದ್ದರೆ, ಮಂಡಿಯೂರಿದಾಗ ಅದು ಚುಚ್ಚುವುದು ಅಷ್ಟು ಅರ್ಜೆಂಟಲ್ಲ. ಮೂಳೆ ಪೂರ್ತಿ ಗಟ್ಟಿಯಾದ ಮೇಲೆ ತೆಗೆಸಬಹುದಾ ಅಂತ ಮುಂದಿನ ಸಲ ಹೋದಾಗ ಕೇಳಿ.