ಹೂದೋಟದಲ್ಲೇ ಅಡುಗೆಗೂ ಆಗುವ ಗಿಡ

ಜಯನಗರದ ಬಾಲ್ಕನಿ, ಬೆಳಗಿನ ಬಿಸಿಲು ಮಾತ್ರ, ನೋಡೋಕೂ ಚೆನ್ನಾಗಿರಬೇಕು, ತಿನ್ನೋಕೂ ಬರಬೇಕು ಅಂತ ಕೇಳಿದ್ದೀರಿ. ನನ್ನ ಮಟ್ಟಿಗೆ ಮೊದಲ ಆಯ್ಕೆ ಕೆಂಪು ದಂಟಿನ ಬಸಳೆ. ಗ್ರಿಲ್‌ಗೆ ತಾನೇ ಸುತ್ತಿಕೊಂಡು ಹಬ್ಬುತ್ತದೆ. ದಪ್ಪ ಹೊಳೆಯುವ ಎಲೆ, ಆಮೇಲೆ ಸಣ್ಣ ಕಪ್ಪು ಹಣ್ಣು. ಹಿಸುಕಿದರೆ ಬೆರಳೆಲ್ಲ ನೇರಳೆ! ಬೀಜ ಹುಡುಕುವುದೇ ಬೇಡ. ಸೊಪ್ಪಿನ ಕಟ್ಟಿನಿಂದ ಬಲಿತ ದಂಟು ಒಂದು ಗೇಣು ಕತ್ತರಿಸಿ ನೆಡಿ, ಬೇರು ಬಿಡುತ್ತದೆ. ತುದಿ ಚಿವುಟಿದಷ್ಟೂ ಕವಲು ಜಾಸ್ತಿ. ಎಲೆ ಹುಳಿಗೂ ಆಯ್ತು, ಬಜ್ಜಿಗೂ ಆಯ್ತು.

ಪಕ್ಕದಲ್ಲಿ ಶಂಖಪುಷ್ಪ ಇರಲಿ. ನೀಲಿ ಹೂವನ್ನು ಬಿಸಿನೀರಿಗೆ ಹಾಕಿ ನಿಂಬೆ ಹಿಂಡಿದರೆ ನೇರಳೆಗೆ ತಿರುಗುತ್ತದೆ, ಮಕ್ಕಳಿಗೆ ತುಂಬಾ ಖುಷಿ. ಆದರೆ ಬೀಜ ತಿನ್ನಬಾರದು. ನೆರಳಿನ ಮೂಲೆಗೆ ದೊಡ್ಡಪತ್ರೆ ಸಾಕು, ತಂಬುಳಿಗೆ ಆಗುತ್ತದೆ. ನಸ್ಟರ್ಶಿಯಂ ಅನ್ನೋ ಹೂಗಿಡ ಇಷ್ಟವಾದರೆ ಅಕ್ಟೋಬರ್‌ನಲ್ಲಿ ಬಿತ್ತಿ, ನಮ್ಮೂರ ಚಳಿಗೆ ಚೆನ್ನಾಗಿ ಬರುತ್ತದೆ. ಎಲೆ, ಹೂ ಎರಡೂ ಖಾರ.

ನಿಮ್ಮ ಹತ್ತಿರ ಈಗಾಗಲೇ ಇರುವ ಕಣಗಿಲೆ ಮತ್ತು ನಿತ್ಯಪುಷ್ಪ ಎರಡೂ ವಿಷ. ಚಿಕ್ಕ ಮಕ್ಕಳಿದ್ದಾರೆ ಅಂದಿರಿ, ದಯವಿಟ್ಟು ಅವನ್ನು ಬೇರೆ ಕಡೆ ಇಡಿ. ನರ್ಸರಿಯಿಂದ ತಂದ ಗಿಡಕ್ಕೆ ಔಷಧಿ ಹೊಡೆದಿರಬಹುದು. ಮೊದಲ ಹೂಗಳನ್ನು ಕಿತ್ತು ಹಾಕಿ, ಹೊಸ ಚಿಗುರು ಬಂದ ಮೇಲೇ ತಿನ್ನಿ.